ಮನೆಯಲ್ಲೇ ಹೈಸ್ಕೂಲ್, ಕೈಗೆಟುಕುವ ಕಾಲೇಜು: ಅಮೆರಿಕದಲ್ಲಿರುವ ಕನ್ನಡ ಪೋಷಕರಿಗೆ ಸಮಗ್ರ ಮಾರ್ಗದರ್ಶಿ

ಹೋಮ್‌ಸ್ಕೂಲ್ ಮಾಡುವ ಮನೆಗಳಲ್ಲಿ ಮಗು ಎಂಟನೇ ಗ್ರೇಡ್ ಮುಗಿಸುವ ಹೊತ್ತಿಗೆ ಒಂದೇ ಮಾತು ಶುರುವಾಗುತ್ತದೆ: ಹೈಸ್ಕೂಲಿಗೆ ಯಾವ ಕರಿಕ್ಯುಲಮ್ ತಗೊಳ್ಳೋಣ? ಆ ಪ್ರಶ್ನೆಯನ್ನು ಸ್ವಲ್ಪ ಬದಿಗಿಡಿ. ಮೊದಲು ಯೋಚಿಸಬೇಕಾದದ್ದು, ಈ ಮಗು ಎಂಥ ಕಾಲೇಜಿಗೆ ಹೋಗಬಹುದು, ಅದಕ್ಕೆ ನಾವು ವರ್ಷಕ್ಕೆ ಎಷ್ಟು ಕೊಡಬಲ್ಲೆವು ಅಂತ. ಅದು ಗೊತ್ತಾದರೆ ಯಾವ ವಿಷಯಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಪುಕ್ಕಟೆ ಪುಸ್ತಕದಲ್ಲೇ ಮುಗಿಸಬಹುದು, ಯಾವುದನ್ನು ಕಮ್ಯೂನಿಟಿ ಕಾಲೇಜಿಗೆ (ಕಡಿಮೆ ಫೀಸಿನ, ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಬಿಡಬೇಕು ಅನ್ನೋದು ಅರ್ಧಕ್ಕರ್ಧ ತೀರ್ಮಾನವಾದ ಹಾಗೆಯೇ. ಉಲ್ಟಾ ಹೊರಟರೆ ಕಪಾಟಿನ ತುಂಬಾ ದುಬಾರಿ ಪುಸ್ತಕ, ಹನ್ನೆರಡನೇ ಗ್ರೇಡಿನಲ್ಲಿ ತಲೆನೋವು.

ಹೆಜ್ಜೆ 1: ನಿಮ್ಮ ರಾಜ್ಯದ ಕಾನೂನು ಓದಿ

ಹೋಮ್‌ಸ್ಕೂಲ್ ಐವತ್ತೂ ರಾಜ್ಯಗಳಲ್ಲಿ ಕಾನೂನುಬದ್ಧ. ಆದರೆ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಟೆಕ್ಸಾಸ್‌ನಲ್ಲಿ ಯಾರಿಗೂ ತಿಳಿಸಬೇಕಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಿನವರು ಪ್ರತಿ ಅಕ್ಟೋಬರ್ 1ರಿಂದ 15ರೊಳಗೆ ಪ್ರೈವೇಟ್ ಸ್ಕೂಲ್ ಅಫಿಡವಿಟ್ (ಮನೆಯನ್ನೇ ಖಾಸಗಿ ಶಾಲೆ ಅಂತ ರಾಜ್ಯಕ್ಕೆ ತಿಳಿಸುವ ಪತ್ರ) ಸಲ್ಲಿಸುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಮಗುವಿನ ಕೆಲಸದ ಫೈಲು ಇಡಬೇಕು, ವರ್ಷಕ್ಕೊಮ್ಮೆ ಅರ್ಹ ಇವ್ಯಾಲ್ಯುಯೇಟರ್ ಅದನ್ನು ನೋಡಬೇಕು.

ನ್ಯೂಯಾರ್ಕ್ ಇನ್ನೂ ಬಿಗಿ. ವರ್ಷದ ಯೋಜನೆ, ಮೂರು ತಿಂಗಳಿಗೊಂದು ವರದಿ, ಕೊನೆಗೆ ಮೌಲ್ಯಮಾಪನ. ಜೊತೆಗೆ ಅಲ್ಲಿ ಮನೆಯಲ್ಲಿ ಓದಿದ ಮಗುವಿಗೆ ಸರ್ಕಾರಿ ಹೈಸ್ಕೂಲ್ ಡಿಪ್ಲೊಮಾ ಸಿಗುವುದಿಲ್ಲ. ಅದೇ ರಾಜ್ಯದಲ್ಲಿ ಡಿಗ್ರಿ ಪಡೆಯಬೇಕಾದರೆ, ಹೈಸ್ಕೂಲಿಗೆ ಸಮನಾದ ಓದು ಮುಗಿದಿದೆ ಅಂತ ಜಿಲ್ಲೆಯ ಸೂಪರಿಂಟೆಂಡೆಂಟ್ ಪತ್ರವೋ, 24 ಕಾಲೇಜ್ ಕ್ರೆಡಿಟ್ಟೋ (ಕ್ರೆಡಿಟ್ ಅಂದರೆ ಓದನ್ನು ಅಳೆಯುವ ಘಟಕ), ಇಂಥ ಯಾವುದಾದರೂ ಒಂದು ದಾರಿ ಹಿಡಿಯಬೇಕು. ಒಂಬತ್ತನೇ ಗ್ರೇಡಿನಲ್ಲೇ ಇದು ಗೊತ್ತಿದ್ದರೆ ಆ 24 ಕ್ರೆಡಿಟ್ ಹೊರೆಯಾಗುವುದಿಲ್ಲ, ಹೇಗಿದ್ದರೂ ಬೇಕಾದ ಕಾಲೇಜ್ ಕ್ರೆಡಿಟ್ಟೇ ಅಲ್ವಾ.

ಹೆಜ್ಜೆ 2: ಕಾಲೇಜಿನ ಕಡೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಐದಾರು ಕಾಲೇಜು ಆರಿಸಿ. ನಿಮ್ಮ ರಾಜ್ಯದ ದೊಡ್ಡ ವಿಶ್ವವಿದ್ಯಾಲಯ ಒಂದು, ಚಿಕ್ಕ ಸರ್ಕಾರಿ ವಿಶ್ವವಿದ್ಯಾಲಯ ಒಂದು, ಹತ್ತಿರದ ಕಮ್ಯೂನಿಟಿ ಕಾಲೇಜು, ಮಗುವಿಗೆ ಆಸೆಯಿರುವ ಒಂದೆರಡು ಪ್ರೈವೇಟ್. ಪಟ್ಟಿ ಮುಂದೆ ಬದಲಾಗುತ್ತದೆ, ಪರವಾಗಿಲ್ಲ. ಒಂದೊಂದರ ವೆಬ್‌ಸೈಟಿನಲ್ಲೂ ಎರಡು ವಿಷಯ ಹುಡುಕಿ.

ಒಂದು, ಹೋಮ್‌ಸ್ಕೂಲ್ ಅರ್ಜಿದಾರರಿಂದ ಏನು ಕೇಳುತ್ತಾರೆ. ಕೆಲವರಿಗೆ ಟ್ರಾನ್ಸ್‌ಕ್ರಿಪ್ಟ್ (ಓದಿದ ಕೋರ್ಸು, ಗ್ರೇಡುಗಳ ಪಟ್ಟಿ) ಸಾಕು. ಕೆಲವರು ಪ್ರತಿ ಕೋರ್ಸಿನ ವಿವರಣೆ, ಹೊರಗಿನ ಪರೀಕ್ಷೆಯ ಅಂಕ, ಮನೆಯವರಲ್ಲದ ಟೀಚರ್ ಪತ್ರ ಕೇಳುತ್ತಾರೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕತೆಯೇ ಬೇರೆ. ಅವರಿಗೆ ಎ-ಜಿ ಅನ್ನುವ 15 ವರ್ಷಪೂರ್ತಿ ಕೋರ್ಸುಗಳ ಪಟ್ಟಿ ಬೇಕು, ಎಸ್‌ಎಟಿ (ಕಾಲೇಜ್ ಪ್ರವೇಶ ಪರೀಕ್ಷೆ) ಅಂಕವನ್ನು ಅಡ್ಮಿಷನ್‌ಗೆ ನೋಡುವುದೇ ಇಲ್ಲ. ಅಡುಗೆಮನೆ ಮೇಜಿನಲ್ಲಿ ಕಲಿತ ಆಲ್ಜೀಬ್ರಾ ಎಷ್ಟೇ ಗಟ್ಟಿಯಿದ್ದರೂ ಆ ಪಟ್ಟಿಗೆ ನೇರವಾಗಿ ಸೇರದು. ಎಪಿ ಪರೀಕ್ಷೆ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ), ಕಮ್ಯೂನಿಟಿ ಕಾಲೇಜ್ ಕೋರ್ಸ್, ಅವರು ಒಪ್ಪಿದ ಆನ್‌ಲೈನ್ ಕೋರ್ಸ್, ಇವುಗಳ ಮೂಲಕ ತೋರಿಸಬೇಕು. ಇಲ್ಲವೇ ಎರಡು ವರ್ಷ ಕಮ್ಯೂನಿಟಿ ಕಾಲೇಜು ಮಾಡಿ ಟ್ರಾನ್ಸ್‌ಫರ್ ಆಗಬೇಕು. ಡೇವಿಸ್, ಅರ್ವೈನ್, ಸ್ಯಾಂಟಾ ಬಾರ್ಬರಾ ಸೇರಿ ಆರು ಕ್ಯಾಂಪಸ್‌ಗಳು ಟ್ರಾನ್ಸ್‌ಫರ್‌ಗೆ ಗ್ಯಾರಂಟಿ ಒಪ್ಪಂದವನ್ನೂ ಕೊಡುತ್ತವೆ. ಆ ರಾಜ್ಯದ ಹೋಮ್‌ಸ್ಕೂಲ್ ಮಕ್ಕಳಿಗೆ ನನ್ನ ಪ್ರಕಾರ ಇದೇ ಒಳ್ಳೆ ದಾರಿ.

ಎರಡು, ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್. 2011ರಿಂದ ಇದು ಕಾಲೇಜುಗಳ ವೆಬ್‌ಸೈಟಿನಲ್ಲಿ ಇರಲೇಬೇಕು. ನಿಮ್ಮ ಆದಾಯ, ಉಳಿತಾಯ ಹಾಕಿದರೆ ನಿಮಗೆ ನಿಜವಾಗಿ ಎಷ್ಟು ಬೀಳಬಹುದು ಅಂತ ಅಂದಾಜು ಕೊಡುತ್ತದೆ. ಬೋರ್ಡಿನ ಮೇಲಿನ ಬೆಲೆ ನೋಡಿ ಯಾವ ಕಾಲೇಜನ್ನೂ ತಳ್ಳಿಹಾಕಬೇಡಿ, ಒಪ್ಪಿಕೊಳ್ಳಲೂ ಬೇಡಿ.

ಆದರೂ ಸರಾಸರಿ ಗೊತ್ತಿರಲಿ. ಎಸ್‌ಎಟಿ, ಎಪಿ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯ ಲೆಕ್ಕದಲ್ಲಿ 2024–25ರ ವರ್ಷದ ಫೀಸು ಹೀಗಿತ್ತು: ಕಮ್ಯೂನಿಟಿ ಕಾಲೇಜು 4,050 ಡಾಲರ್, ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ 11,610, ಬೇರೆ ರಾಜ್ಯದ್ದು 30,780, ಪ್ರೈವೇಟ್ 43,350. ಊಟ, ವಸತಿ ಇದರಲ್ಲಿ ಇಲ್ಲ. ಸ್ವಂತ ರಾಜ್ಯದಲ್ಲಿ ನಾಲ್ಕು ವರ್ಷಕ್ಕೆ ಫೀಸೇ 46,440. ಮೊದಲ ಎರಡು ವರ್ಷ ಕಮ್ಯೂನಿಟಿ ಕಾಲೇಜಿನಲ್ಲಿ ಕಳೆದರೆ 31,320. ಆ ಎರಡು ವರ್ಷ ಮಗು ಮನೆಯಲ್ಲೇ ಇದ್ದರೆ ಫೀಸಿಗಿಂತ ವಸತಿಯಲ್ಲೇ ಜಾಸ್ತಿ ಉಳಿಯುವುದೂ ಉಂಟು.

ನಮ್ಮವರಿಗೆ ಇಲ್ಲಿ ಇನ್ನೊಂದು ಗಂಟು ಇದೆ: ವೀಸಾ. ಎಚ್-4ರಲ್ಲಿರುವ (ಎಚ್-1ಬಿ ಕೆಲಸದ ವೀಸಾದವರ ಕುಟುಂಬದ ವೀಸಾ) ಮಗುವಿಗೆ ಫೆಡರಲ್ ಗ್ರಾಂಟ್, ಫೆಡರಲ್ ಸಾಲ ಸಿಗುವುದಿಲ್ಲ. ಇನ್-ಸ್ಟೇಟ್ ಫೀಸು (ಸ್ವಂತ ರಾಜ್ಯದವರ ಕಡಿಮೆ ಫೀಸು) ಸಿಗುತ್ತದೋ ಇಲ್ಲವೋ ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆಯಾ ವಿಶ್ವವಿದ್ಯಾಲಯದ ರೆಸಿಡೆನ್ಸಿ ಆಫೀಸಿಗೆ ಇಮೇಲ್ ಹಾಕಿ, ಉತ್ತರವನ್ನು ಇಟ್ಟುಕೊಳ್ಳಿ. 21 ತುಂಬಿದಾಗ ಎಚ್-4 ಮುಗಿಯುತ್ತದೆ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ಕಾಲೇಜಿನ ಮಧ್ಯೆ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾಗಬಹುದು, ಆಗ ಫೀಸಿನ ಪ್ರಶ್ನೆ ಮತ್ತೆ ಏಳುತ್ತದೆ. ಇಂಥ ಮನೆಗಳಿಗೆ ಹೈಸ್ಕೂಲಿನಲ್ಲೇ ಕಾಲೇಜ್ ಕ್ರೆಡಿಟ್ ಸೇರಿಸಿ 21ರೊಳಗೆ ಡಿಗ್ರಿ ಮುಗಿಸುವ ದಾರಿ ಬರೀ ದುಡ್ಡಿನ ಉಳಿತಾಯವಲ್ಲ, ಅದಕ್ಕಿಂತ ದೊಡ್ಡದು.

ಹೆಜ್ಜೆ 3: ನಾಲ್ಕು ವರ್ಷದ ಹಾಳೆ

ಒಂದೇ ಹಾಳೆ ಸಾಕು. ನಾಲ್ಕು ಕಾಲಂ, 9ರಿಂದ 12. ಹೆಚ್ಚಿನ ನಾಲ್ಕು ವರ್ಷದ ಕಾಲೇಜುಗಳು ಬಯಸುವುದು ಇಂಗ್ಲಿಷ್ 4 ಕ್ರೆಡಿಟ್, ಗಣಿತ 3ರಿಂದ 4, ವಿಜ್ಞಾನ 3ರಿಂದ 4 (ಎರಡಾದರೂ ಲ್ಯಾಬ್ ಇರುವಂಥದ್ದು), ಸಮಾಜ 3, ಒಂದೇ ವಿದೇಶಿ ಭಾಷೆ 2ರಿಂದ 3, ಮಿಕ್ಕಿದ್ದು ಕಲೆ ಮತ್ತು ಆಯ್ಕೆಯ ವಿಷಯ.

ಒಂದು ಹೈಸ್ಕೂಲ್ ಕ್ರೆಡಿಟ್ ಅಂದರೆ ಸುಮಾರು 120ರಿಂದ 180 ಗಂಟೆಯ ಕೆಲಸ. ದಿನಕ್ಕೆ 50 ನಿಮಿಷ, ವಾರಕ್ಕೆ ಐದು ದಿನ, 36 ವಾರ ಮಾಡಿದರೆ 150 ಗಂಟೆ. ಪಠ್ಯಪುಸ್ತಕ ಇರುವ ವಿಷಯಕ್ಕೆ ಗಂಟೆ ಎಣಿಸಬೇಡಿ. ಪುಸ್ತಕದ ಮುಕ್ಕಾಲು ಭಾಗ ಮುಗಿದರೆ ಕೋರ್ಸ್ ಮುಗಿಯಿತು ಅಂತಲೇ ಲೆಕ್ಕ. ಗಂಟೆ ಲೆಕ್ಕ ಬೇಕಾಗುವುದು ಸಂಗೀತ, ಭರತನಾಟ್ಯ, ರೊಬಾಟಿಕ್ಸ್, ಮರಗೆಲಸದಂಥವಕ್ಕೆ.

ಹೆಜ್ಜೆ 4: ಈಗ ಕರಿಕ್ಯುಲಮ್

ಮಾರಾಟದ ಜಾಹೀರಾತಿನಲ್ಲಿ ‘ಅಕ್ರೆಡಿಟೆಡ್ ಕರಿಕ್ಯುಲಮ್’ ಅಂತ ಕಂಡರೆ ಸ್ವಲ್ಪ ನಿಲ್ಲಿ. ಅಕ್ರೆಡಿಟೇಶನ್ (ಹೊರಗಿನ ಸಂಸ್ಥೆ ಕೊಡುವ ಮಾನ್ಯತೆ) ಸಿಗುವುದು ಶಾಲೆಗೆ, ಪುಸ್ತಕಕ್ಕಲ್ಲ. ಅಕ್ರೆಡಿಟೆಡ್ ಆನ್‌ಲೈನ್ ಶಾಲೆಗೆ ಸೇರಿಸಿದರೆ ಟ್ರಾನ್ಸ್‌ಕ್ರಿಪ್ಟ್ ಅವರೇ ಕೊಡುತ್ತಾರೆ, ಸಾವಿರಾರು ಡಾಲರ್ ಫೀಸೂ ಆಗುತ್ತದೆ. ನಿಮ್ಮ ಪಟ್ಟಿಯ ಕಾಲೇಜು ಅದನ್ನು ಕೇಳದಿದ್ದರೆ ಆ ದುಡ್ಡು ಉಳಿಸಿ.

ಎಲ್ಲ ವಿಷಯವನ್ನೂ ಒಂದೇ ಕಂಪನಿಯ ಡಬ್ಬದಲ್ಲಿ ಕೊಳ್ಳುವುದು ನನಗೆ ಇಷ್ಟವಿಲ್ಲ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಅದು ಅನುಕೂಲ, ಒಪ್ಪುತ್ತೇನೆ. ಆದರೆ ಹೈಸ್ಕೂಲ್ ಮಗು ಗಣಿತದಲ್ಲಿ ಎರಡು ವರ್ಷ ಮುಂದಿದ್ದು ಬರವಣಿಗೆಯಲ್ಲಿ ಹಿಂದಿರಬಹುದು. ಡಬ್ಬಕ್ಕೆ ಅದು ಗೊತ್ತಾಗುವುದಿಲ್ಲ.

ದುಡ್ಡು ಹಾಕುವುದಾದರೆ ಗಣಿತಕ್ಕೆ ಹಾಕಿ. ಆಲ್ಜೀಬ್ರಾ 1, ಜಿಯೊಮೆಟ್ರಿ, ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್ ಅನ್ನೋದು ಮಾಮೂಲಿ ಕ್ರಮ. ಸ್ಯಾಕ್ಸನ್ ಪುಸ್ತಕಗಳಲ್ಲಿ ಹಳೆಯ ಪಾಠದ ಲೆಕ್ಕ ದಿನವೂ ಮತ್ತೆ ಬರುತ್ತದೆ. ಬೇಗ ಮರೆಯುವ ಮಕ್ಕಳಿಗೆ ಒಳ್ಳೆಯದು, ಚುರುಕು ಮಕ್ಕಳಿಗೆ ಬೇಜಾರು. ಆರ್ಟ್ ಆಫ್ ಪ್ರಾಬ್ಲಮ್ ಸಾಲ್ವಿಂಗ್ ಅದರ ಎದುರು ತುದಿ: ಲೆಕ್ಕ ಕಡಿಮೆ, ಒಂದೊಂದೂ ಕಷ್ಟ. ಗಣಿತ ಇಷ್ಟಪಡುವ ಮಗುವಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ, ಇಷ್ಟವಿಲ್ಲದ ಮಗುವಿಗೆ ಹಿಂಸೆ. ಟೀಚಿಂಗ್ ಟೆಕ್ಸ್ಟ್‌ಬುಕ್ಸ್ ಕಂಪ್ಯೂಟರಿನಲ್ಲೇ ಪಾಠ ಮಾಡಿ ತಾನೇ ತಿದ್ದುತ್ತದೆ, ಆದರೆ ಎಂಜಿನಿಯರಿಂಗ್‌ಗೆ ಹೋಗುವವರಿಗೆ ಹಗುರ. ಖಾನ್ ಅಕಾಡೆಮಿ ಪುಕ್ಕಟೆ. ಅದನ್ನೇ ಮುಖ್ಯ ಪಾಠವಾಗಿ ಇಟ್ಟುಕೊಳ್ಳುವುದಾದರೆ ನೋಟ್‌ಬುಕ್ಕಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದು ಮಾಡುವುದನ್ನು ಕಡ್ಡಾಯ ಮಾಡಿ. ಬರೀ ಉತ್ತರ ಒತ್ತುತ್ತಾ ಹೋಗುವ ಮಗು ಕಾಲೇಜಿನಲ್ಲಿ ತಡವರಿಸುತ್ತದೆ. ಒಂಬತ್ತರಲ್ಲೇ ಕ್ಯಾಲ್ಕುಲಸ್ ಮಾಡಿಸಬೇಕು ಅನ್ನುವ ನಮ್ಮವರ ಹಟಕ್ಕೆ ಒಂದೇ ಮಾತು: ಆಲ್ಜೀಬ್ರಾ 2 ಅಲುಗಾಡುತ್ತಿದ್ದರೆ ಮುಂದಿನದೆಲ್ಲ ಅಲುಗಾಡುತ್ತದೆ.

ವಿಜ್ಞಾನದಲ್ಲಿ ಕೊಳ್ಳುವ ಮೊದಲು ಪುಸ್ತಕದ ನಿಲುವು ನೋಡಿ. ಹೋಮ್‌ಸ್ಕೂಲ್ ಮಾರುಕಟ್ಟೆಯ ದೊಡ್ಡ ಭಾಗ ಕ್ರಿಶ್ಚಿಯನ್ ಪ್ರಕಾಶಕರದ್ದು. ಅಪೊಲೊಜಿಯಾ, ಅಬೆಕಾ, ಬಿಜೆಯು ಪ್ರೆಸ್ ಪುಸ್ತಕಗಳು ಬಯಾಲಜಿಯನ್ನು ಸೃಷ್ಟಿವಾದದ ನೆಲೆಯಿಂದ ಹೇಳುತ್ತವೆ. ಎಪಿ ಬಯಾಲಜಿಯಲ್ಲಿ ವಿಕಾಸವಾದವೇ ಬೆನ್ನೆಲುಬು. ಆ ಪರೀಕ್ಷೆ ಬರೆಸುವ ಯೋಚನೆ ಇದ್ದರೆ ಬೇರೆ ಪುಸ್ತಕ ಬೇಕು. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಎಕನಾಮಿಕ್ಸ್, ಅಮೆರಿಕದ ಇತಿಹಾಸ ಎಲ್ಲವನ್ನೂ ಪುಕ್ಕಟೆ ಕೊಡುತ್ತದೆ. ಹೆಚ್ಚಿನವು ಕಾಲೇಜು ಮಟ್ಟದವು, ಆದ್ದರಿಂದ ಒಂಬತ್ತಕ್ಕೆ ಭಾರ, ಹನ್ನೊಂದಕ್ಕೆ ಸರಿ. ಕೆಳಗಿನ ಗ್ರೇಡಿಗೆ ಸಿಕೆ-12 ಇದೆ, ಅದೂ ಪುಕ್ಕಟೆ. ಪುಸ್ತಕದಲ್ಲಿ ಉಳಿದ ದುಡ್ಡನ್ನು ಲ್ಯಾಬ್ ಕಿಟ್‌ಗೆ ಹಾಕಿ.

ಇಂಗ್ಲಿಷಿಗೆ ಲೈಬ್ರರಿ ಕಾರ್ಡು ಸಾಕು, ಓದಿಗೆ. ಬರವಣಿಗೆ ಹಾಗಲ್ಲ. ಅಪ್ಪ ಅಮ್ಮ ತಿದ್ದಿದರೆ ಜಗಳ, ತಿದ್ದದಿದ್ದರೆ ಸುಧಾರಣೆ ಇಲ್ಲ. ಒಂದು ವರ್ಷವಾದರೂ ಹೊರಗಿನ ಟೀಚರ್ ಪ್ರಬಂಧ ತಿದ್ದುವ ಆನ್‌ಲೈನ್ ಕ್ಲಾಸಿಗೆ ಸೇರಿಸಿ. ಮುಂದೆ ಶಿಫಾರಸು ಪತ್ರ ಬರೆಯುವವರೂ ಅವರೇ ಆಗಬಹುದು.

ಭಾಷೆಯ ಕಾಲಂನಲ್ಲಿ ಕನ್ನಡ ಬರೆಯಬಹುದಾ? ಬರೆಯಬಹುದು, ಮನೆಯಲ್ಲಿ ಮಾತಾಡುತ್ತೇವೆ ಅನ್ನುವುದಷ್ಟೇ ಆಧಾರವಾಗಬಾರದು. ಓದು, ಬರಹ, ವ್ಯಾಕರಣ, ಒಂದಿಷ್ಟು ಸಾಹಿತ್ಯ ಇರಬೇಕು. ಕನ್ನಡ ಕೂಟದ ವಾರಾಂತ್ಯದ ಶಾಲೆಗೆ ಹೋಗುತ್ತಿದ್ದರೆ ಅಲ್ಲಿಂದ ಗ್ರೇಡ್ ಬರೆಸಿಕೊಳ್ಳಿ. ಪಟ್ಟಿಯ ಕಾಲೇಜುಗಳಿಗೆ ಇದು ನಡೆಯುತ್ತದೆಯಾ ಅಂತ ಮೊದಲೇ ಕೇಳಿ. ನಡೆಯದಿದ್ದರೆ ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ಸೆಮಿಸ್ಟರ್ ಸ್ಪ್ಯಾನಿಷ್ ಮಾಡಿಸಿ, ಹೆಚ್ಚಿನ ಕಡೆ ಅದು ಎರಡು ಹೈಸ್ಕೂಲ್ ವರ್ಷಕ್ಕೆ ಸಮ.

ಹೆಜ್ಜೆ 5: ಹೈಸ್ಕೂಲಿನಲ್ಲೇ ಕಾಲೇಜ್ ಕ್ರೆಡಿಟ್

ಅಗ್ಗದ ಕಾಲೇಜಿನ ಗುಟ್ಟೆಲ್ಲ ಇಲ್ಲಿದೆ. ಮೂರು ದಾರಿ.

ಡ್ಯುಯಲ್ ಎನ್‌ರೋಲ್‌ಮೆಂಟ್ ಮೊದಲನೆಯದು. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜ್ ಕೋರ್ಸ್ ಮಾಡುವುದು. ಫ್ಲಾರಿಡಾದಲ್ಲಿ ಹೋಮ್‌ಸ್ಕೂಲ್ ಮಕ್ಕಳಿಗೂ ಇದಕ್ಕೆ ಫೀಸಿಲ್ಲ. ವಾಷಿಂಗ್ಟನ್ ರಾಜ್ಯದ ರನ್ನಿಂಗ್ ಸ್ಟಾರ್ಟ್‌ನಲ್ಲಿ 11 ಮತ್ತು 12ನೇ ಗ್ರೇಡಿನವರಿಗೆ ಟ್ಯೂಷನ್ ಫೀಸಿಲ್ಲ. ಒಹಾಯೊದ ಕಾಲೇಜ್ ಕ್ರೆಡಿಟ್ ಪ್ಲಸ್ ಏಳನೇ ಗ್ರೇಡಿನಿಂದಲೇ ತೆರೆದಿದೆ, ಆದರೆ ಹೋಮ್‌ಸ್ಕೂಲಿನವರು ಹಣಕ್ಕಾಗಿ ಏಪ್ರಿಲ್ 1ರೊಳಗೆ ಅರ್ಜಿ ಹಾಕಬೇಕು. ಮಿನೆಸೋಟದ ಪಿಎಸ್‌ಇಒ, ನಾರ್ತ್ ಕೆರೊಲೈನಾದ ಕರಿಯರ್ ಅಂಡ್ ಕಾಲೇಜ್ ಪ್ರಾಮಿಸ್ ಕೂಡ ಇಂಥವೇ. ಮೂರು ಕ್ರೆಡಿಟ್ಟಿನ ಒಂದು ಸೆಮಿಸ್ಟರ್ ಕೋರ್ಸನ್ನು ಸಾಮಾನ್ಯವಾಗಿ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟಿನಲ್ಲಿ ಒಂದು ಪೂರ್ತಿ ಕ್ರೆಡಿಟ್ ಅಂತ ಹಾಕುತ್ತಾರೆ.

ಇದರಲ್ಲಿ ಒಂದು ಅಪಾಯ ಇದೆ. ಆ ಗ್ರೇಡು ಶಾಶ್ವತ. ಹದಿನೈದನೇ ವಯಸ್ಸಿನಲ್ಲಿ ಬಂದ ‘ಸಿ’ ಮುಂದೆ ಮೆಡಿಕಲ್ ಸ್ಕೂಲ್ ಅರ್ಜಿಯಲ್ಲೂ ತೋರಿಸಬೇಕಾಗುತ್ತದೆ. ಮೊದಲ ಸೆಮಿಸ್ಟರ್‌ಗೆ ಒಂದೇ ಕೋರ್ಸ್, ಅದೂ ಮಗುವಿಗೆ ಸುಲಭವಾದದ್ದು. ವಿತ್‌ಡ್ರಾ ಮಾಡುವ ಕೊನೆ ದಿನಾಂಕ ಕ್ಯಾಲೆಂಡರ್ ಮೇಲೆ ಬರೆದಿಡಿ. ಇನ್ನೊಂದು ವಿಷಯ: ಈ ಕೋರ್ಸುಗಳು ಹೈಸ್ಕೂಲ್ ಗ್ರ್ಯಾಜುಯೇಶನ್ ದಿನಾಂಕಕ್ಕಿಂತ ಮುಂಚೆ ಆಗಿರಲಿ. ಆಗ ಎಷ್ಟೇ ಕ್ರೆಡಿಟ್ ಇದ್ದರೂ ಹೆಚ್ಚಿನ ಕಾಲೇಜುಗಳು ಮಗುವನ್ನು ಫ್ರೆಶ್‌ಮನ್ (ಹೊಸದಾಗಿ ಸೇರುವ ಮೊದಲ ವರ್ಷದ ವಿದ್ಯಾರ್ಥಿ) ಅಂತಲೇ ನೋಡುತ್ತವೆ. ದೊಡ್ಡ ಸ್ಕಾಲರ್‌ಶಿಪ್‌ಗಳೆಲ್ಲ ಫ್ರೆಶ್‌ಮನ್‌ಗಳಿಗೇ ಇರುವುದು.

ಎಪಿ ಎರಡನೆಯದು. ಪರೀಕ್ಷೆ ಮೇ ತಿಂಗಳಲ್ಲಿ, 2025ರಲ್ಲಿ ಫೀಸು 99 ಡಾಲರ್. ಹೋಮ್‌ಸ್ಕೂಲ್ ಮಗುವಿಗೆ ಜಾಗ ಕೊಡುವ ಶಾಲೆ ಹುಡುಕುವುದೇ ಕಷ್ಟದ ಕೆಲಸ. ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಫೋನ್ ಶುರು ಮಾಡಿ, ಏಕೆಂದರೆ ಪರೀಕ್ಷೆಯ ಆರ್ಡರ್ ನವೆಂಬರ್ ಮಧ್ಯದೊಳಗೆ ಹೋಗಬೇಕು. ಕೋರ್ಸ್ ಮಾಡದೆ ಪರೀಕ್ಷೆ ಬರೆಯಬಹುದು. ಆದರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ‘ಎಪಿ’ ಅಂತ ಹಾಕಬೇಕಾದರೆ ನಿಮ್ಮ ಸಿಲಬಸ್ಸಿಗೆ ಕಾಲೇಜ್ ಬೋರ್ಡ್ ಒಪ್ಪಿಗೆ ಬೇಕು. ಇಲ್ಲವೆಂದರೆ ‘ಆನರ್ಸ್’ ಅಂತ ಬರೆದು ಪಕ್ಕದಲ್ಲಿ ಎಪಿ ಅಂಕ ಹಾಕಿ, ಏನೂ ನಷ್ಟವಿಲ್ಲ.

ಮೂರನೆಯದು ಕ್ಲೆಪ್, ನಮ್ಮವರು ಅಷ್ಟಾಗಿ ಕೇಳಿರದ ಪರೀಕ್ಷೆ. ವರ್ಷದಲ್ಲಿ ಯಾವಾಗ ಬೇಕಾದರೂ ಬರೆಯಬಹುದು, ಸೋತರೆ ಮೂರು ತಿಂಗಳ ಮೇಲೆ ಮತ್ತೆ. ಗ್ರೇಡ್ ಇಲ್ಲ, ಪಾಸಾದರೆ ಕ್ರೆಡಿಟ್. ಫೀಸು ಸುಮಾರು 100 ಡಾಲರ್. ಮಾಡರ್ನ್ ಸ್ಟೇಟ್ಸ್ ಅನ್ನುವ ಸಂಸ್ಥೆಯ ಪುಕ್ಕಟೆ ಕೋರ್ಸ್ ಮುಗಿಸಿದರೆ ಆ ಫೀಸಿನ ವೌಚರ್ ಅವರೇ ಕೊಡುತ್ತಾರೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹಳಷ್ಟು ಕಡೆ ನಡೆಯುತ್ತದೆ, ಹೆಸರಾಂತ ಪ್ರೈವೇಟ್‌ಗಳಲ್ಲಿ ಸಾಮಾನ್ಯವಾಗಿ ಇಲ್ಲ.

ಮೂರರಲ್ಲಿ ಯಾವುದಾದರೂ ಸರಿ, ಮೊದಲು ಪಟ್ಟಿಯ ಕಾಲೇಜುಗಳ ಕ್ರೆಡಿಟ್ ಕೋಷ್ಟಕ ತೆಗೆದು ನೋಡಿ. ಕ್ರೆಡಿಟ್ ಸಿಗುವುದು ಬೇರೆ, ಡಿಗ್ರಿಗೆ ಬೇಕಾದ ಜಾಗದಲ್ಲಿ ಅದು ಕೂರುವುದು ಬೇರೆ. ಸೈಕಾಲಜಿಯಲ್ಲಿ ಹನ್ನೆರಡು ಕ್ರೆಡಿಟ್ ಇಟ್ಟುಕೊಂಡು ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಹೋದರೆ ಒಂದು ಸೆಮಿಸ್ಟರ್ ಕೂಡ ಉಳಿಯದೇ ಇರಬಹುದು.

ಹೆಜ್ಜೆ 6: ಕಾಗದಪತ್ರ

ಕಾಲೇಜಿನವರು ನಿಮ್ಮ ಮನೆಯ ಪಾಠ ನೋಡಿಲ್ಲ. ಅವರಿಗೆ ಕಾಣುವುದು ನೀವು ಬರೆದ ಹಾಳೆ. ಟ್ರಾನ್ಸ್‌ಕ್ರಿಪ್ಟ್ ಒಂದೇ ಪುಟ ಇರಲಿ: ಕೋರ್ಸ್, ವರ್ಷ, ಗ್ರೇಡ್, ಕ್ರೆಡಿಟ್, ಜಿಪಿಎ (ಗ್ರೇಡುಗಳ ಸರಾಸರಿ), ಎಲ್ಲಿ ಮಾಡಿದ್ದು, ಗ್ರ್ಯಾಜುಯೇಶನ್ ದಿನಾಂಕ, ನಿಮ್ಮ ಸಹಿ. ಅದರ ಜೊತೆಗೆ ಕೋರ್ಸ್ ವಿವರಣೆ ಬೇರೆ. ಒಂದು ಮಾದರಿ ನೋಡಿ, ಇಂಗ್ಲಿಷಿನಲ್ಲಿ ನೀವು ಬರೆಯಬೇಕಾದದ್ದು ಇಷ್ಟೇ:

‘ಲ್ಯಾಬ್ ಸಹಿತ ಕೆಮಿಸ್ಟ್ರಿ, 10ನೇ ಗ್ರೇಡ್, 1 ಕ್ರೆಡಿಟ್. ಪರಮಾಣು ರಚನೆ, ರಾಸಾಯನಿಕ ಬಂಧ, ಸ್ಟೊಯ್ಕಿಯೊಮೆಟ್ರಿ, ಅನಿಲ ನಿಯಮಗಳು, ಆಮ್ಲ ಮತ್ತು ಕ್ಷಾರ. ಪಠ್ಯ: ಓಪನ್‌ಸ್ಟ್ಯಾಕ್ಸ್ ಕೆಮಿಸ್ಟ್ರಿಯ ಆಯ್ದ ಅಧ್ಯಾಯಗಳು. 16 ಲ್ಯಾಬ್, ಉದಾಹರಣೆಗೆ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದ ಪ್ರಮಾಣವನ್ನು ಟೈಟ್ರೇಶನ್‌ನಿಂದ ಕಂಡುಹಿಡಿಯುವುದು. ಪ್ರತಿ ಲ್ಯಾಬ್‌ಗೂ ಲಿಖಿತ ವರದಿ. ಗ್ರೇಡ್: ಪರೀಕ್ಷೆ 50%, ಲ್ಯಾಬ್ ವರದಿ 30%, ಹೋಮ್‌ವರ್ಕ್ 20%.’

ಇದನ್ನು ಆಯಾ ವರ್ಷದ ಜೂನ್‌ನಲ್ಲೇ ಬರೆದಿಡಿ. ಎರಡು ವರ್ಷ ಬಿಟ್ಟು ಕೂತರೆ ಯಾವ ಪುಸ್ತಕ, ಎಷ್ಟು ಲ್ಯಾಬ್ ಒಂದೂ ನೆನಪಿರುವುದಿಲ್ಲ. ಲ್ಯಾಬ್ ನೋಟ್‌ಬುಕ್, ಒಳ್ಳೆಯ ಪ್ರಬಂಧ ಎರಡು ಮೂರು, ಪರೀಕ್ಷೆ ಹಾಳೆಗಳನ್ನು ಸ್ಕ್ಯಾನ್ ಮಾಡಿ. ಎಲ್ಲ ಕೋರ್ಸಿಗೂ ‘ಎ’ ಕೊಟ್ಟಿದ್ದರೆ ಅದನ್ನು ಹೊರಗಿನ ಒಂದು ಅಂಕವಾದರೂ ಎತ್ತಿಹಿಡಿಯಬೇಕು. ‘ಅಮ್ಮ ಕೊಟ್ಟ ಎ’ ಅಂತ ಯಾರೂ ಮುಖದ ಮೇಲೆ ಹೇಳುವುದಿಲ್ಲ, ಯೋಚಿಸದೆ ಇರುವುದೂ ಇಲ್ಲ.

ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಆನ್‌ಲೈನ್ ಅರ್ಜಿ) ಶಾಲಾ ಕೌನ್ಸಿಲರ್ ನೀವೇ. ಟ್ರಾನ್ಸ್‌ಕ್ರಿಪ್ಟ್, ನಿಮ್ಮ ಮನೆ ಶಾಲೆಯ ಪರಿಚಯ, ಕೌನ್ಸಿಲರ್ ಪತ್ರ ಮೂರನ್ನೂ ನೀವು ಹಾಕಬೇಕು. ಪತ್ರದಲ್ಲಿ ಮಗುವನ್ನು ಹೊಗಳುವುದಕ್ಕಿಂತ ಹೋಮ್‌ಸ್ಕೂಲ್ ಏಕೆ, ದಿನ ಹೇಗೆ ನಡೆಯುತ್ತಿತ್ತು, ಏನನ್ನು ಮಗುವೇ ಆರಿಸಿಕೊಂಡಿತು ಅನ್ನೋದನ್ನು ಬರೆಯಿರಿ.

ಹೆಜ್ಜೆ 7: ಪರೀಕ್ಷೆಗಳು

ಎಸ್‌ಎಟಿಗೆ ಮುಂಚಿನ ಪೂರ್ವಭಾವಿ ಪರೀಕ್ಷೆ ಪಿಎಸ್‌ಎಟಿ ಅಕ್ಟೋಬರ್‌ನಲ್ಲಿ. 11ನೇ ಗ್ರೇಡಿನ ಅಂಕವೇ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ ಸ್ಪರ್ಧೆಗೆ ಲೆಕ್ಕ. ಸುಮಾರು 16,000 ಮಕ್ಕಳು ಸೆಮಿಫೈನಲ್ ತಲುಪುತ್ತಾರೆ. ಆ ಸಂಸ್ಥೆಯ ಸ್ಕಾಲರ್‌ಶಿಪ್ 2,500 ಡಾಲರ್ ಅಷ್ಟೇ, ಆದರೆ ಫೈನಲಿಸ್ಟ್‌ಗಳಿಗೆ ಫೀಸನ್ನೇ ಬಿಡುವ ವಿಶ್ವವಿದ್ಯಾಲಯಗಳಿವೆ. ಇದಕ್ಕೂ ಹತ್ತಿರದ ಶಾಲೆಯಲ್ಲಿ ಜಾಗ ಕೇಳಬೇಕು, ಬೇಸಿಗೆಯಲ್ಲೇ. ಎಸ್‌ಎಟಿಗೆ ಆ ತೊಂದರೆಯಿಲ್ಲ, ನೇರವಾಗಿ ಆನ್‌ಲೈನ್ ನೋಂದಣಿ. ಕಾಲೇಜು ಕಡ್ಡಾಯವಲ್ಲ ಅಂದರೂ ಹೋಮ್‌ಸ್ಕೂಲ್ ಮಗು ಬರೆಯುವುದೇ ಒಳ್ಳೆಯದು.

ಹೆಜ್ಜೆ 8: ಕೊನೆಯ ಎರಡು ವರ್ಷದ ದುಡ್ಡಿನ ಕೆಲಸ

ಫೆಡರಲ್ ನೆರವು ಕೇಳುವ ಫಾಫ್ಸಾ ಅರ್ಜಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ಅದು ನೋಡುವುದು ಎರಡು ವರ್ಷ ಹಿಂದಿನ ಆದಾಯ. ಮಗು ಹತ್ತನೇ ಗ್ರೇಡಿನ ಮಧ್ಯದಲ್ಲಿದ್ದಾಗ ಬರುವ ಜನವರಿಯಿಂದ ಹನ್ನೊಂದರ ಡಿಸೆಂಬರ್‌ವರೆಗಿನ ಗಳಿಕೆ. ಶೇರು ಮಾರುವುದು, ದೊಡ್ಡ ಬೋನಸ್ ಇವೆಲ್ಲ ನಿಮ್ಮ ಕೈಯಲ್ಲಿದ್ದರೆ ಆ ಹನ್ನೆರಡು ತಿಂಗಳಿಂದ ಆಚೆಗೆ ಸರಿಸಿ. ರಾಜ್ಯದ ಕಾನೂನಿನ ಪ್ರಕಾರ ಹೋಮ್‌ಸ್ಕೂಲ್ ಮುಗಿಸಿದ ಮಗುವಿಗೆ ಫೆಡರಲ್ ನೆರವಿನಲ್ಲಿ ಯಾವ ತಾರತಮ್ಯವೂ ಇಲ್ಲ. ಕಡಿಮೆ ಆದಾಯದವರಿಗೆ ಸಿಗುವ ಪೆಲ್ ಗ್ರಾಂಟ್ 2025–26ರಲ್ಲಿ ಗರಿಷ್ಠ 7,395 ಡಾಲರ್.

ಇಬ್ಬರೂ ಐಟಿಯಲ್ಲಿರುವ ಮನೆಗೆ ಈ ನೆರವು ಹೆಚ್ಚೇನೂ ಸಿಗದು. ಅಂಥವರು ಮೆರಿಟ್ ದುಡ್ಡು (ಆದಾಯ ನೋಡದೆ, ಮಗುವಿನ ಸಾಧನೆ ನೋಡಿ ಕೊಡುವ ಸ್ಕಾಲರ್‌ಶಿಪ್) ಕೊಡುವ ಕಾಲೇಜು ಹುಡುಕಬೇಕು. ಐವಿ ಲೀಗ್ ಕಾಲೇಜುಗಳು ಮೆರಿಟ್ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ, ಅಗತ್ಯ ನೋಡಿ ಮಾತ್ರ ಕೊಡುತ್ತವೆ. ಯಾವ ಕಾಲೇಜು ಎಷ್ಟು ಮಂದಿಗೆ ಮೆರಿಟ್ ಕೊಟ್ಟಿದೆ ಅನ್ನೋದು ಅವರು ಪ್ರಕಟಿಸುವ ಅಂಕಿಅಂಶದ ಪಟ್ಟಿಯಾದ ಕಾಮನ್ ಡೇಟಾ ಸೆಟ್‌ನ ‘ಎಚ್’ ಭಾಗದಲ್ಲಿ ಇರುತ್ತದೆ. ಕಾಲೇಜಿನ ಹೆಸರಿನ ಜೊತೆ ಆ ಪದ ಹಾಕಿ ಗೂಗಲ್ ಮಾಡಿ. ಹತ್ತು ನಿಮಿಷದ ಕೆಲಸ, ಸುಮ್ನೆ ಅರ್ಜಿ ಹಾಕಿ ಫೀಸು ಕಳೆಯುವುದು ತಪ್ಪುತ್ತದೆ.

ಪಶ್ಚಿಮದ ರಾಜ್ಯಗಳಲ್ಲಿರುವವರು ವೆಸ್ಟರ್ನ್ ಅಂಡರ್‌ಗ್ರ್ಯಾಜುಯೇಟ್ ಎಕ್ಸ್‌ಚೇಂಜ್ ನೋಡಿ. ಪಾಲ್ಗೊಳ್ಳುವ ಪಕ್ಕದ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಅಲ್ಲಿಯವರ ಫೀಸಿನ ಒಂದೂವರೆ ಪಟ್ಟಿಗಿಂತ ಜಾಸ್ತಿ ಕೇಳುವುದಿಲ್ಲ. ದಕ್ಷಿಣದಲ್ಲಿ ಅಕಾಡೆಮಿಕ್ ಕಾಮನ್ ಮಾರ್ಕೆಟ್, ನ್ಯೂ ಇಂಗ್ಲೆಂಡಿನಲ್ಲಿ ಟ್ಯೂಷನ್ ಬ್ರೇಕ್ ಇವೆ. ಕಾಲೇಜು ಶುರುವಾದ ಮೇಲೆ, ಆದಾಯದ ಮಿತಿಯೊಳಗಿದ್ದರೆ, ಅಮೆರಿಕನ್ ಆಪರ್ಚುನಿಟಿ ಟ್ಯಾಕ್ಸ್ ಕ್ರೆಡಿಟ್ ವರ್ಷಕ್ಕೆ 2,500 ಡಾಲರ್‌ವರೆಗೆ ನಾಲ್ಕು ವರ್ಷ ಸಿಗುತ್ತದೆ.

ಏಪ್ರಿಲ್ ಹೊತ್ತಿಗೆ ನೆರವಿನ ಪತ್ರಗಳೆಲ್ಲ ಬಂದಿರುತ್ತವೆ. ಪತ್ರದಲ್ಲಿ ಸಾಲವನ್ನೂ ‘ನೆರವು’ ಅಂತಲೇ ಸೇರಿಸಿರುತ್ತಾರೆ, ಅದನ್ನು ತೆಗೆದು ಲೆಕ್ಕ ಹಾಕಿ. ಒಟ್ಟು ಖರ್ಚಿನಲ್ಲಿ ಗ್ರಾಂಟ್ ಮತ್ತು ಸ್ಕಾಲರ್‌ಶಿಪ್ ಮಾತ್ರ ಕಳೆಯಿರಿ, ಆ ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಇರುತ್ತದಾ, ಅದಕ್ಕೆ ಜಿಪಿಎ ಎಷ್ಟಿರಬೇಕು ಅಂತ ಕೇಳಿ. ಬೇರೆ ಕಾಲೇಜು ಜಾಸ್ತಿ ಕೊಟ್ಟಿದ್ದರೆ ಆ ಪತ್ರ ಲಗತ್ತಿಸಿ ಇನ್ನಷ್ಟು ಕೊಡಲು ಸಾಧ್ಯವೇ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಮೇ 1ರೊಳಗೆ ಒಪ್ಪಿಗೆ ಕೊಡಿ. ಜೂನ್‌ನಲ್ಲಿ ಕೊನೆಯ ಸೆಮಿಸ್ಟರ್ ಗ್ರೇಡ್ ಸೇರಿಸಿದ ಟ್ರಾನ್ಸ್‌ಕ್ರಿಪ್ಟ್ ಕಳಿಸಿ, ಅವರು ಕೇಳಿದರೆ ನೋಟರಿ ಮಾಡಿಸಿ. ಡ್ಯುಯಲ್ ಎನ್‌ರೋಲ್‌ಮೆಂಟ್ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್, ಎಪಿ ಮತ್ತು ಕ್ಲೆಪ್ ಅಂಕಗಳು ಆಯಾ ಸಂಸ್ಥೆಯಿಂದಲೇ ನೇರವಾಗಿ ಹೋಗಬೇಕು. ಅವು ಮುಟ್ಟಿ, ಕ್ರೆಡಿಟ್ ಖಾತೆಗೆ ಬಿದ್ದ ಮೇಲೆ ಮೊದಲ ಸೆಮಿಸ್ಟರ್‌ನ ಕ್ಲಾಸುಗಳನ್ನು ಆರಿಸಿ.